ಅತ್ತೆಯ ಇಳಿಜಾರು

ನನ್ನ ಸೋದರತ್ತೆ ಟೈಲರ್. ಕಾಲೆರಡೂ ಸ್ವಾಧೀನ ತಪ್ಪಿದ ಮೇಲೂ ಹೊಲಿಗೆ ಬಿಟ್ಟವಳಲ್ಲ. ಹೊಲಿಗೆ ಯಂತ್ರಕ್ಕೆ ಮೋಟಾರ್ ಹಾಕಿಸಿ, ಕಾಲಲ್ಲಿ ಒತ್ತುವ ಪೆಡಲನ್ನು ಮೇಜಿನ ಮೇಲಿಟ್ಟು ಮೊಣಕೈಯಲ್ಲಿ ಒತ್ತುತ್ತಿದ್ದಳು. ಅಳತೆ ಕೊಡಲು ಬಂದವರಿಗೆ, "ನೀವೇ ಬಗ್ಗಿ, ನಾನಂತೂ ಏಳಲ್ಲ" ಎನ್ನುತ್ತಿದ್ದಳು. ಮನೆಯೊಳಗೆ ಗಾಲಿಕುರ್ಚಿಯಲ್ಲಿ ಅವಳದೇ ದರ್ಬಾರು. ಬಾಗಿಲಾಚೆ ಎತ್ತರದ ಮೆಟ್ಟಿಲುಗಳಿದ್ದವು, ದರ್ಬಾರು ಅಲ್ಲಿಗೆ ಮುಗಿಯುತ್ತಿತ್ತು.

ನಮ್ಮದು ಹಳೆಯ ವಠಾರ. ಸುತ್ತ ಮನೆಗಳು, ನಡುವೆ ಅಂಗಳ, ಅಂಗಳಕ್ಕೊಂದು ಕಲ್ಲಿನ ಬೆಂಚು. ಮಾತು, ಜಗಳ, ಬಟ್ಟೆ ಒಣಗಿಸುವುದು ಎಲ್ಲವೂ ಅಲ್ಲೇ. ಪ್ರತಿ ಸಂಜೆ ನಾಲ್ವರು ಅತ್ತೆಯನ್ನು ಕುರ್ಚಿಸಮೇತ ಎತ್ತಿ ಅಲ್ಲಿಗೆ ಇಳಿಸುತ್ತಿದ್ದರು: ಅವಳ ತಮ್ಮ, ಅಂದರೆ ನಮ್ಮಪ್ಪ, ಮಹಡಿಯ ಎಲೆಕ್ಟ್ರಿಷಿಯನ್, ಎದುರು ಮನೆಯ ಅಣ್ಣತಮ್ಮಂದಿರಿಬ್ಬರು. ಕತ್ತಲಾಗುವ ಮುಂಚೆ ಮತ್ತೆ ಮೇಲೆ. ಬಂದ ನೆಂಟರಿಗೆಲ್ಲ ಇದನ್ನು ಹೇಳಿಕೊಂಡು ಇಡೀ ವಠಾರ ಬೀಗುತ್ತಿತ್ತು, ನಾನೂ ಬೀಗುತ್ತಿದ್ದೆ.

ಒಂದು ಸಂಜೆ ಅತ್ತೆ, "ಇವತ್ತಿಂದ ನನ್ನ ಎತ್ತಬೇಡಿ" ಅಂದುಬಿಟ್ಟಳು. "ಮೆಟ್ಟಿಲ ಪಕ್ಕ ಒಂದು ಇಳಿಜಾರು ಕಟ್ಟಿಸಿ. ನಾನೇ ಹೋಗ್ತೀನಿ, ನಾನೇ ಬರ್ತೀನಿ."

ಅಪ್ಪನಿಗೆ ಎಲ್ಲಿಲ್ಲದ ಸಿಟ್ಟು ಬಂತು. "ಯಾಕೆ, ನಾವೆಲ್ಲ ಸತ್ತುಹೋಗಿದೀವಾ?"

"ಬದುಕಿದೀರಲ್ಲ, ಅದೇ ಕಷ್ಟ."

ಇಳಿಜಾರು ಉದ್ದ ಬರಬೇಕು, ಬೆಂಚು ಕೀಳಬೇಕು, ಸ್ಕೂಟರ್ ಎಲ್ಲಿ ನಿಲ್ಲಿಸೋದು, ಒಬ್ಬರಿಗೋಸ್ಕರ ಇಷ್ಟೆಲ್ಲ ಯಾಕೆ ಎಂದು ವಠಾರದವರು ರಾಗ ಎಳೆದರು. ಅತ್ತೆಯ ಮೇಲೆ ಪ್ರೀತಿ ಬೇಕಾದಷ್ಟಿತ್ತು, ಸ್ಕೂಟರ್ ಮಾತ್ರ ಅಲ್ಲಾಡಕೂಡದು.

ಅತ್ತೆ ಹಟ ಹಿಡಿದಳು. ಮಳೆಗಾಲ ಕಳೆದು ಚಳಿ ಬಂದರೂ ಅಂಗಳಕ್ಕೆ ಬರಲಿಲ್ಲ. ಮುಖ ಬಿಳಿಚಿಕೊಂಡಿತು. ಸಂಜೆ ಕಿಟಕಿಗೆ ಒರಗಿ ಹೊರಗಿನ ಮಾತು ಕೇಳಿಸಿಕೊಳ್ಳುತ್ತಿದ್ದಳು. ಹೀಗೇ ಒಳಗೇ ಸತ್ತುಹೋಗುತ್ತಾಳೆ ಎಂದು ನಿಜವಾಗಿ ಹೆದರಿದ್ದೆ.

ಕೊನೆಗೆ ಅಪ್ಪನೇ ಸೋತು ಬಂದ. "ಸಾಕು ಮಾಡಕ್ಕಾ. ಬಾ, ಎತ್ಕೊಂಡು ಹೋಗ್ತೀವಿ."

"ಬರ್ತೀನಿ. ಮೊದಲು ನೀನು ಕೂತ್ಕೋ, ಒಂದೇ ಒಂದು ಸಲ. ಅವರು ಬಂದು ಎತ್ತೋ ತನಕ ಏಳಬಾರದು."

ಅತ್ತೆ ಮಂಚಕ್ಕೆ ಜರುಗಿದಳು. ಅಪ್ಪ ನಗುತ್ತಲೇ ಕುರ್ಚಿಯಲ್ಲಿ ಕುಳಿತ. ಎತ್ತಲು ಅವನ ಜಾಗದಲ್ಲಿ ನಾನು ಕೈ ಹಾಕಿದೆ. "ಅಕ್ಕನಿಗಿಂತ ಇವರೇ ಭಾರ ಕಣಮ್ಮ" ಎಂದು ಎಲೆಕ್ಟ್ರಿಷಿಯನ್ ಅಪ್ಪನ ತಲೆಯ ಮೇಲಿಂದ ನನಗೆ ಹೇಳಿದ. ಬಟ್ಟೆ ತೆಗೆಯುತ್ತಿದ್ದವರು ನಿಂತು ನೋಡಿದರು. ಕುರ್ಚಿಯನ್ನು ಬೆಂಚಿನ ಪಕ್ಕ ಇಟ್ಟು, ದಿನವೂ ಮಾಡುತ್ತಿದ್ದಂತೆ ಎಲ್ಲರೂ ಅವರವರ ಕೆಲಸಕ್ಕೆ ಹೋದರು.

ಅತ್ತೆಯ ಕಿಟಕಿಯಿಂದ ನಾನು ನೋಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅಪ್ಪನ ನಗು ಹೋಯಿತು. ಬಚ್ಚಲಿಗೆ ಹೋಗಬೇಕಾಗಿತ್ತು, ಕೂತಲ್ಲೇ ಚಡಪಡಿಸುತ್ತಿದ್ದ. ಅಣ್ಣತಮ್ಮಂದಿರು ಅಂಗಡಿಗೆ ಹೋಗಿದ್ದರು. ಎಲೆಕ್ಟ್ರಿಷಿಯನ್ನನ್ನು ಕೂಗಲು ಮಹಡಿಯತ್ತ ಬಾಯಿ ತೆರೆದ, ಸುತ್ತ ಇದ್ದ ಹೆಂಗಸರನ್ನು ನೋಡಿ ಮುಚ್ಚಿದ. ಮತ್ತೆ ತೆರೆದ, ಮತ್ತೆ ಮುಚ್ಚಿದ. ಆಮೇಲೆ ಎದ್ದು ಬಿರಬಿರನೆ ಮೆಟ್ಟಿಲು ಹತ್ತಿ ಬಂದ.

ಬಚ್ಚಲಿಂದ ಹೊರಬಂದವನು ಮಂಚದ ಬಳಿ ನೆಲದ ಮೇಲೆ ಕುಳಿತು ಅತ್ತುಬಿಟ್ಟ. "ಇಷ್ಟು ವರ್ಷ ಹೀಗೆ ಕೂತಿದ್ಯಾ ಅಕ್ಕಾ?"

"ನೀನು ಎದ್ದು ಬಂದೆ" ಎಂದಳು ಅತ್ತೆ. ಬೈಗುಳವಾಗಿ ಹೇಳಲಿಲ್ಲ.

ಅಪ್ಪ ಮನೆ ಮನೆಗೆ ಹೋಗಿ ಕೂತು ಒಪ್ಪಿಸಿದ. ಬೆಂಚು ಗೋಡೆ ಬದಿಗೆ ಹೋಯಿತು, ಸ್ಕೂಟರುಗಳು ಹಿತ್ತಿಲಿಗೆ. ಸಿಮೆಂಟು ಗಟ್ಟಿಯಾದ ಮೇಲೆ ಎಲ್ಲರೂ ಕುರ್ಚಿ ತಳ್ಳಲು ಸಾಲಾಗಿ ನಿಂತರು.

"ಎಲ್ಲರೂ ನಿಮ್ಮ ನಿಮ್ಮ ಮನೆಗೆ ನಡೀರಿ" ಎಂದಳು ಅತ್ತೆ.

ನಡೆದೆವು, ಪರದೆಯ ಸಂದಿಯಲ್ಲಿ ಕಣ್ಣಿಟ್ಟೆವು. ಚಕ್ರಗಳನ್ನು ಬಿಗಿಹಿಡಿದು ಮೆಲ್ಲಗೆ ಇಳಿದಳು. ಇಷ್ಟು ಕಾಲ ಕೂತ ಅಂಗಳವನ್ನು ತಿರುಗಿಯೂ ನೋಡದೆ ದಾಟಿ, ಗೇಟು ತೆಗೆದು ಬೀದಿಗೆ ಹೋದಳು. ಅಪ್ಪ ಹಿಂದೆ ಹೋಗಲು ಚಪ್ಪಲಿ ಮೆಟ್ಟಿದ. ಅಮ್ಮ ಅವನ ತೋಳು ಹಿಡಿದು ನಿಲ್ಲಿಸಿದಳು.

ದೀಪ ಹಚ್ಚುವ ಹೊತ್ತಿಗೆ ಅತ್ತೆ ಹಿಂದಿರುಗಿದಳು. ಕೂದಲು ಗಾಳಿಗೆ ಕೆದರಿತ್ತು.

"ಎಲ್ಲಿಗೆ ಹೋಗಿದ್ದೆ ಅಕ್ಕಾ?"

"ಹೇಳಲ್ಲ" ಎಂದಳು.

ಅಪ್ಪ ಮತ್ತೆ ಕೇಳಲಿಲ್ಲ. ಅದು ಇವತ್ತಿಗೂ ನಮಗೆ ಯಾರಿಗೂ ಗೊತ್ತಿಲ್ಲ.