ನಾನು ತಿದ್ದಿದ ಅಕ್ಕನ ರಾಗಗಳು

ಮೊನ್ನೆ ಮೇಜಿನ ಡ್ರಾಯರ್ ಖಾಲಿ ಮಾಡುವಾಗ ಐದು ಪಿನ್ನಿನ ಹಳೆಯ ಕೇಬಲ್ಲೊಂದು ಕೈಗೆ ಸಿಕ್ಕಿತು. ಎಸೆಯಲೆಂದು ಕಸದ ಬುಟ್ಟಿಯವರೆಗೂ ಹೋಗಿ ಹಿಂದಕ್ಕೆ ಬಂದೆ. ಆಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ನಿಮಗಾದರೂ ಹೇಳಿಬಿಡುತ್ತೇನೆ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಮುಳಬಾಗಿಲಿನ ನಮ್ಮ ಮನೆಯಲ್ಲಿ ವಸಂತಕ್ಕ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದಳು. ಪಾಠಕ್ಕೆಂದು ತಾನೇ ರಾಗ ಕಟ್ಟಿದ ಆರು ಹಾಡುಗಳನ್ನು ಡಿಜಿಟಲ್ ಪಿಯಾನೊದಲ್ಲಿ ನುಡಿಸುತ್ತಿದ್ದಳು. ಬಲಗೈ ಬೆರಳುಗಳು ಜೋಮು ಹಿಡಿಯತೊಡಗಿದಾಗ, ಮಣಿಕಟ್ಟಿಗೆ ಆಪರೇಷನ್ ಆಗಬೇಕೆಂದು ಕೋಲಾರದ ಡಾಕ್ಟರು ಹೇಳಿದರು.

"ಆಮೇಲೆ ಕೈ ಹೆಂಗಿರುತ್ತೋ ಏನೋ. ಅಷ್ಟರೊಳಗೆ ಇವನ್ನ ನಿನ್ ಕಂಪ್ಯೂಟರಿಗೆ ಹಾಕ್ಕೊಡೋ" ಎಂದಳು.

ಕಂಪ್ಯೂಟರಿನ ವಿಷಯದಲ್ಲಿ ಮನೆಗೆಲ್ಲ ನಾನೊಬ್ಬನೇ ಪಂಡಿತ. ಪಂಡಿತರು ಎರಡು ದಿನ ಒದ್ದಾಡಿದರೂ ಪರದೆಯ ಮೇಲೆ ಒಂದು ಸ್ವರ ಮೂಡಲಿಲ್ಲ. ಪಿಯಾನೊದ 'ಔಟ್'ಗೆ ಇದೇ ಐದು ಪಿನ್ನಿನ ಕೇಬಲ್ಲಿನ 'ಔಟ್' ತುದಿಯನ್ನೇ ಸಿಕ್ಕಿಸಿದ್ದೆ.

"ಇಬ್ರೂ ಮಾತಾಡ್ತಾನೇ ಕೂತ್ರೆ ಕೇಳೋರ್ಯಾರೋ?" ಎಂದು ಅಕ್ಕನೇ ಅದಲುಬದಲು ಮಾಡಿದಳು.

ಆರೂ ಹಾಡು ನುಡಿಸಿದಳು. ಆ ಕೇಬಲ್ಲಿನಲ್ಲಿ ಹರಿಯುವ ಮಿಡಿ ಎಂಬುದು ದನಿಯನ್ನು ಹಿಡಿಯುವುದಿಲ್ಲ. ಯಾವ ಕೀ, ಯಾವಾಗ, ಎಷ್ಟು ಬಲವಾಗಿ ಒತ್ತಿದರು ಎಂಬುದನ್ನಷ್ಟೇ ಬರೆದಿಟ್ಟುಕೊಳ್ಳುತ್ತದೆ. ಬೇಕಾದಂತೆ ತಿದ್ದಬಹುದು. ಉಂಗುರದ ಬೆರಳು ಬಂದಲ್ಲೆಲ್ಲ ಸ್ವರ ತಡವಾಗಿತ್ತು, ಬಲಹೀನವಾಗಿತ್ತು. ನನ್ನಿಂದ ಸುಮ್ಮನಿರಲಾಗಲಿಲ್ಲ. ಎಲ್ಲವನ್ನೂ ತಾಳಕ್ಕೆ ಎಳೆದು ಕೂರಿಸಿದೆ. ಮೂಲದ ಮೇಲೇ ಸೇವ್ ಮಾಡಿದೆ.

ಆಪರೇಷನ್ನಿನ ಹಿಂದಿನ ದಿನ ಹೆಮ್ಮೆಯಿಂದ ಕೇಳಿಸಿದೆ. ಕೋಪ ಬಂದರೆ ಅಕ್ಕನ ಬಾಯಿಗೆ ತೆಲುಗು ಬರುತ್ತದೆ.

"ಇದಿ ನಾ ಚೆಯ್ಯಿ ಕಾದುರಾ" ಎಂದಳು. ಇದು ನನ್ನ ಕೈಯಲ್ಲ ಕಣೋ. "ಮೊದಲಿಂದು ಹಾಕು."

"ಅದನ್ನ ಕಂಪ್ಯೂಟರ್ ನುಂಗಿಬಿಡ್ತಕ್ಕಾ" ಎಂದೆ.

ಅವಳು ಮತ್ತೆ ಪಿಯಾನೊದ ಮುಂದೆ ಕೂತಳು. ಈ ಸಲ ನಾನು ದನಿಯನ್ನೇ ಹಿಡಿಯುವ ಆಡಿಯೊ ವೈರ್ ಹಾಕಿದೆ. ಅದರಲ್ಲಿ ಒಂದೊಂದೇ ಸ್ವರವನ್ನು ಹಿಡಿದು ತಿದ್ದಲು ನನಗೆ ಬರುತ್ತಿರಲಿಲ್ಲ. ಒಂದು ಹಾಡು ಮುಗಿಯುವಷ್ಟರಲ್ಲಿ ಬೆರಳುಗಳು ಸೋತವು.

ಆಪರೇಷನ್ ಆಗಿ ಜೋಮು ಹೋಯಿತು, ಹಳೆಯ ಚುರುಕು ಬರಲಿಲ್ಲ. ಅಕ್ಕ ಬರೀ ಬಾಯಲ್ಲಿ ಹಾಡಿ ಹೇಳಿಕೊಡತೊಡಗಿದಳು. ಉಳಿದ ಐದು ಹಾಡುಗಳ ಮಾತೆತ್ತಲಿಲ್ಲ. ಇಷ್ಟು ವರ್ಷ ನಾನೂ ಎತ್ತಲಿಲ್ಲ.

ಇವತ್ತು ಬೆಳಿಗ್ಗೆ ಫೋನ್ ಮಾಡಿದೆ. "ಅಕ್ಕಾ, ಅವತ್ತು ಕಂಪ್ಯೂಟರ್ ಏನೂ ನುಂಗಿರಲಿಲ್ಲ. ನಾನೇ ಅಳಿಸಿದ್ದು."



"ಫೋನಲ್ಲಿ ಬೇಡ. ಬಂದು, ಎದುರಿಗೆ ಕೂತ್ಕೊಂಡು ಹೇಳು" ಎಂದಳು.

ಚಪ್ಪಲಿ ಮೆಟ್ಟಿ ಹೊರಟಿದ್ದೇನೆ.