ಅರಗಿನೊಳಗಿಂದ ಬಂದ ಸದ್ದು

ಈ ಪ್ರಸಂಗವನ್ನು ಇಷ್ಟು ವರ್ಷ ನಾನು ಬೇರೆ ರೀತಿಯಲ್ಲಿ ಹೇಳಿಕೊಂಡು ಬಂದಿದ್ದೇನೆ. ನಾನು ಹೇಳುವ ಕತೆಯಲ್ಲಿ ನಾನು ಒಳ್ಳೆಯ ವಿಜ್ಞಾನ ಶಿಕ್ಷಕಿ. ನಿನ್ನೆ ಶಾಲೆಯ ಕಪಾಟು ತೆಗೆದು ಒರೆಸುವಾಗ ವಿದ್ಯಾರ್ಥಿನಿಯೊಬ್ಬಳು ಪ್ರಯೋಗ ಬರೆದ ಹಳೆಯ ವಹಿಯೊಂದು ಸಿಕ್ಕಿತು. ಕತೆ ಕೆಟ್ಟಿತು.

ಕಲಘಟಗಿ ಹತ್ತಿರದ ಹೈಸ್ಕೂಲು, ಒಂಬತ್ತನೆಯ ತರಗತಿ. ಗಾಜಿನ ಜಾಡಿಯೊಳಗೆ ಬ್ಯಾಟರಿ ಗಂಟೆ ತೂಗುಬಿಟ್ಟು ಪಂಪಿನಿಂದ ಗಾಳಿ ಹೊರಗೆಳೆದರೆ ಸದ್ದು ಅಡಗಬೇಕು. ಗಂಟೆ ಬಡಿದುಕೊಳ್ಳುವುದು ಮಾತ್ರ ಕಾಣುತ್ತಲೇ ಇರಬೇಕು. ಸದ್ದಿನ ಅಲೆ, ಬೆಳಕಿನ ಅಲೆಗಳ ವ್ಯತ್ಯಾಸದ ಪಾಠ ಅಷ್ಟರಲ್ಲಿ ಮುಗಿಯಬೇಕಿತ್ತು. ಆದರೆ ಜಾಡಿಯ ಬಿರಡೆಯ ಸಂದಿನಿಂದ ಗಾಳಿ ನುಗ್ಗುತ್ತಿತ್ತು. ಎರಡು ಪೀರಿಯಡ್ ಮೇಣ ಮೆತ್ತಿ ಮೆತ್ತಿ ಬೆರಳು ಸುಟ್ಟುಕೊಂಡೆ.

ಮರುದಿನ, ತೊಟ್ಟಿಲು ಮಾಡುವವರ ಮನೆಯ ಹುಡುಗಿ ತೊಟ್ಟಿಲಿಗೆ ಬಣ್ಣ ಹಿಡಿಸುವ ಅರಗು ತಂದಳು.

"ನಮ್ಮಪ್ಪ ಕೊಟ್ಟಾರ್ರಿ. ಒಮ್ಮೆ ಹತ್ತಿದ್ರ ಬಿಡೂದಿಲ್ರಿ ಇದು."

ಕಾಯಿಸಿ, ಜಾಡಿಯ ಬಾಯಿಗೂ ಬಿರಡೆಗೂ ಗಂಟೆ ತೂಗಿದ್ದ ಕಬ್ಬಿಣದ ಸರಳಿಗೂ ಸೇರಿಸಿ ಅವಳೇ ದಪ್ಪಗೆ ಬಳಿದಳು. ಪಂಪಿನ ಒತ್ತಡ ತೋರಿಸುವ ಮುಳ್ಳು ಈ ಸಲ ಇಳಿಯಿತು.

"ಸದ್ದು ನಿಂತಿತೋ ಇಲ್ಲೋ?" ಎಂದೆ.

"ನಿಂತೈತ್ರೀ ಟೀಚರ್!" ಇಡೀ ತರಗತಿ ಕೂಗಿತು. ಪುಸ್ತಕದಲ್ಲಿ ಹಾಗೇ ಇತ್ತಲ್ಲ.

"ಇಲ್ರಿ," ಎಂದಳು ಅವಳೊಬ್ಬಳೇ. "ಸಣ್ಣಗ ಬರಾಕತ್ತೈತ್ರಿ."

"ತೊಟ್ಟಿಲದಾಗ ಮಲಕೊಂಡು ಕೇಳಾಕತ್ತಾಳ್ರೀ!" ಎಂದು ಹಿಂದಿನ ಬೆಂಚಿನವರು ನಕ್ಕರು.

ನನಗೂ ಕೇಳಿತ್ತೇ? ಕೇಳಿತ್ತು ಎಂದು ಈಗ ಅನಿಸುತ್ತದೆ. ಈಗ ಅನಿಸುವುದನ್ನು ನಾನು ನಂಬುವುದಿಲ್ಲ.

"ಸದ್ದಿಗೆ ಗಾಳಿ ಬೇಕು, ಬೆಳಕಿಗೆ ಬೇಡ. ಬರಕೊಳ್ರಿ," ಎಂದೆ.

ನಾನು ಹೇಳುವ ಕತೆಯಲ್ಲಿ, ಅದೇ ಸಂಜೆ ನನಗೆ ಹೊಳೆಯುತ್ತದೆ: ಸದ್ದು ಸರಳು ಹಿಡಿದು, ಗಟ್ಟಿಯಾದ ಅರಗಿನೊಳಗಿಂದ ಗಾಜಿಗೆ ದಾಟಿ ಹೊರಗೆ ಬಂದಿದೆ. ಅದಕ್ಕೆ ನಡುಗುವ ವಸ್ತು ಏನಾದರೂ ಸಾಕು, ಗಾಳಿಯೇ ಆಗಬೇಕಿಲ್ಲ. ಏನೂ ಬೇಡದ್ದು ಬೆಳಕಿಗೆ ಮಾತ್ರ. ಮರುದಿನ ಹುಡುಗಿಯನ್ನು ಎಲ್ಲರೆದುರು ಹೊಗಳಿ ಹತ್ತಕ್ಕೆ ಹತ್ತು ಕೊಡುತ್ತೇನೆ. ಶಿಕ್ಷಕರ ತರಬೇತಿಗಳಲ್ಲಿ ಇದನ್ನು ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ.

ವಹಿಯಲ್ಲಿ ಅವಳ ದುಂಡು ಅಕ್ಷರ: "ಸದ್ದು ಪೂರ್ತಿ ನಿಲ್ಲಲಿಲ್ಲ." ಅದರ ಮೇಲೆ ಹಾಳೆ ಹರಿಯುವಂತೆ ಒತ್ತಿ ಎಳೆದ ಕೆಂಪು ಗೆರೆ. ಹತ್ತಕ್ಕೆ ನಾಲ್ಕು. "ಪುಸ್ತಕ ನೋಡಿ ಬರೆ." ಸಹಿ ನನ್ನದು. ಅವಳು ಆ ವಹಿಯನ್ನು ವಾಪಸು ಒಯ್ದೇ ಇರಲಿಲ್ಲ.

ಹಾಗಾದರೆ ಅರಗಿನ ವಿಷಯ ನನಗೆ ಹೊಳೆದದ್ದು ಯಾವಾಗ?

ಇವತ್ತು ವಹಿ ಹಿಡಿದು ಅವಳ ಮನೆಗೆ ಹೋದೆ. ತಿರುಗಣಿಯ ಮೇಲೆ ತೊಟ್ಟಿಲಿನ ಕಾಲನ್ನು ತಿರುಗಿಸುತ್ತ ಕೆಂಪು ಅರಗು ಒತ್ತುತ್ತಿದ್ದಳು. ಕಾಲೇಜಿನಲ್ಲಿ ಸೈನ್ಸ್ ಬಿಟ್ಟು ಆರ್ಟ್ಸ್ ತೆಗೆದುಕೊಂಡಿದ್ದಳಂತೆ. ನಾಲ್ಕನ್ನು ಹೊಡೆದು ಹತ್ತು ಎಂದು ಬರೆದು ತೋರಿಸಿದೆ.

"ಈಗ ಕೊಟ್ರ ಏನ್ ಮಾಡ್ಲಿರಿ ಟೀಚರ್?" ಎಂದು ನಕ್ಕಳು. ಆಮೇಲೆ ಕೈ ನಿಲ್ಲಿಸಿ ಕೇಳಿದಳು, "ಖರೇ ಹೇಳ್ರಿ, ಅವತ್ತು ನಿಮಗೂ ಕೇಳಿತ್ತಲ್ರಿ?"

ನೆನಪಿಲ್ಲ ಎಂದೆ. ಅವಳು ತಲೆಯಾಡಿಸಿ ಮತ್ತೆ ತೊಟ್ಟಿಲಿನ ಕಾಲು ತಿರುಗಿಸತೊಡಗಿದಳು. ನಾನು ಹೇಳಿದ್ದು ನಿಜವೋ ಸುಳ್ಳೋ ನನಗೇ ಗೊತ್ತಾಗದೆ, ವಹಿಯನ್ನು ಅಲ್ಲಿಯೇ ಬಿಟ್ಟು ಬಸ್ಸಿಗೆ ನಡೆದೆ.