ಹನಿ ಸೆರೆಯಿಲ್ಲದ ಕೇಕು

ವಿಜಾಪುರದ ಕಡೆಯ ನಮ್ಮೂರಿನವರ ಲೆಕ್ಕದಲ್ಲಿ ನಾನು ಜ್ಯೂಸ್ ಅಂಗಡಿಯಲ್ಲಿದ್ದೆ. ಮಡಗಾಂವ್‌ನವರ ಲೆಕ್ಕದಲ್ಲಿ ಬಾರ್‌ನಲ್ಲಿದ್ದೆ. ನಿಂಬೆಹಣ್ಣು ಹಿಂಡುವುದು, ಸಕ್ಕರೆ ಕರಗಿಸುವುದು, ಮಂಜುಗಡ್ಡೆ ಒಡೆಯುವುದು ಎಲ್ಲ ನಿಜವೇ ಆಗಿತ್ತು. ಫೆನಿ ಎಂಬ ಗೇರುಹಣ್ಣಿನ ಸೆರೆಯ ಮಾತೊಂದನ್ನು ನುಂಗಿಕೊಂಡರೆ ಉಳಿದದ್ದು ಜ್ಯೂಸ್ ಅಂಗಡಿಯೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಸ್ನಾನವಾಗಿ ಲಿಂಗಪೂಜೆಯಾಗದೆ ಬಾಯಿಗೆ ನೀರೂ ಹಾಕದ ಮನೆ ನಮ್ಮದು. ಆ ಮನೆಯ ಮಗ ಪೆಗ್ ಅಳೆದು ಕೊಡುತ್ತಾನೆಂದು ಅವ್ವನಿಗೆ ಯಾವ ಬಾಯಿಂದ ಹೇಳಲಿ?

ತೊಂಬತ್ತರ ದಶಕದ ಮೊದಲಿನ ಒಂದು ಬೇಸಿಗೆಯಲ್ಲಿ ಅವ್ವ ನನ್ನನ್ನು ನೋಡಲು ಬರುತ್ತೇನೆಂದು ಹೇಳಿಕಳಿಸಿದಳು. ಮೋತಿ ಡೊಂಗರ್ ಗುಡ್ಡದ ಮೇಲಿನ ಒಂದೇ ಕೋಣೆ ನನ್ನ ಸಂಸಾರ. ಅವಳಿಗೆ ಏನು ತೋರಿಸಲಿ, ಏನು ಉಣಿಸಲಿ ಎಂಬ ಚಿಂತೆ ಹತ್ತಿತು. ನನ್ನ ಕೈಗೆ ಹೆಸರು ತಂದದ್ದು ಒಂದೇ ಒಂದು, ಬಾರಿನಲ್ಲಿ ನಾನು ಹೊಂದಿಸಿದ ಕಾಕ್‌ಟೇಲ್. ಫೆನಿ, ಕೆಂಪಗೆ ಹುಳಿಯಾದ ಕೋಕಮ್ ರಸ, ನಿಂಬೆ, ಸೋಡಾ, ಚಿಟಿಕೆ ಉಪ್ಪು, ಮೇಲೊಂದು ಸೀಳಿದ ಹಸಿಮೆಣಸಿನಕಾಯಿ. ಗಿರಾಕಿಗಳು ಅದನ್ನು ಕೇಳಿಕೊಂಡೇ ಬರುತ್ತಿದ್ದರು. ರುಚಿ ನೋಡುವ ನೆಪದಲ್ಲಿ ಚಮಚ ನಾಲಿಗೆಗೆ ತಾಗಿಸಿ ತಾಗಿಸಿ ಅದು ನನಗೂ ಎಲ್ಲಕ್ಕಿಂತ ಮೆಚ್ಚಿನದಾಗಿತ್ತು. ಇದನ್ನೂ ಊರಲ್ಲಿ ಹೇಳಿಲ್ಲ.

ಅವ್ವನಿಗೆ ಆ ರುಚಿ ಮುಟ್ಟಿಸಬೇಕು, ಸೆರೆ ಮುಟ್ಟಿಸಬಾರದು. ಬರೀ ಶರಬತ್ತು ಮಾಡಿಕೊಟ್ಟರೆ ಅದನ್ನು ಊರಲ್ಲೂ ಕುಡಿಯಬಹುದಲ್ಲ ಎನ್ನಿಸಿತು. ಗೋವಾಕ್ಕೆ ಬಂದು ಮಗ ಏನೋ ಕಲಿತಿದ್ದಾನೆ ಎನ್ನುವಂತಿರಬೇಕು ಎಂಬ ಜಂಬ. ಬಾರ್ ಮಾಲೀಕನ ಹೆಂಡತಿ ಕ್ರಿಸ್‌ಮಸ್ ಹೊತ್ತಿಗೆ ಕೇಕು ಕಲಸುವಾಗ ಕೈ ಜೋಡಿಸಿ ನಾನೂ ಕಲಿತುಕೊಂಡಿದ್ದೆ. ಕಾಕ್‌ಟೇಲನ್ನೇ ಕೇಕು ಮಾಡಿಬಿಡೋಣ ಎಂದುಕೊಂಡೆ.

ಎಷ್ಟು ಮಡಿ ಮಾಡಿದೆನೆಂದರೆ ಈಗ ನೆನೆಸಿಕೊಂಡರೆ ಮೈ ಹಿಡಿಯಾಗುತ್ತದೆ. ಬಾರಿನ ಪಾತ್ರೆಗೆ ವಾಸನೆ ಇರುತ್ತದೆಂದು ಹೊಸ ಪಾತ್ರೆ ತಂದೆ. ಫೆನಿಯ ಬದಲಿಗೆ ಗೇರುಹಣ್ಣಿನ ತಾಜಾ ರಸ ತಂದೆ. ಬಿಸಿಲಿಗೆ ಅದೂ ಹುಳಿತು ನೊರೆಯೆದ್ದೀತೆಂದು ತಂದಕೂಡಲೇ ಕುದಿಸಿದೆ. ಕೇಕು ಸುಡಲು ನಮ್ಮ ಗುಡ್ಡದ ಕೆಳಗಿನ ಪಾವ್ ಭಟ್ಟಿಯವನನ್ನು ಕೇಳಿಕೊಂಡಿದ್ದೆ. ಹಳೆಯ ಭಟ್ಟಿಯವರು ಹಿಟ್ಟು ಉಬ್ಬಲು ಹೆಂಡ ಹಾಕುತ್ತಾರೆ, ಹಾಗಾಗಿ ಅವನ ತಗಡನ್ನು ಬೂದಿ ಹಚ್ಚಿ ನಾನೇ ತಿಕ್ಕಿದೆ. ಅವನು ನಿಂತು ನೋಡಿ ಕೊಂಕಣಿಯಲ್ಲಿ, ಇಗರ್ಜಿಯ ಪಾದ್ರಿಗೂ ಇಷ್ಟು ಶುದ್ಧ ಬೇಕಾಗಿಲ್ಲ ಎಂದು ನಕ್ಕ. ಪಾವ್ ಸುಟ್ಟು ಮುಗಿದ ಭಟ್ಟಿಯ ಉಳಿದ ಕಾವಿನಲ್ಲಿ ಕೇಕು ಚೆನ್ನಾಗಿಯೇ ಎದ್ದಿತು. ತೆಳುಗೆಂಪು ಬಣ್ಣ, ಮೇಲೆ ನಿಂಬೆಯ ಘಮ, ಕೊನೆಗೆ ಗಂಟಲಲ್ಲಿ ಸಣ್ಣ ಖಾರ.

ಫಾತೋರ್ಡಾದ ಬಸ್ ಸ್ಟ್ಯಾಂಡಿನಿಂದ ಅವ್ವನನ್ನು ಕರೆತಂದು, ಕೊಡ ನೀರು ಕಾಯಿಸಿಟ್ಟು, ಭಟ್ಟಿಗೆ ಹೋಗಿ ಕೇಕು ತಂದೆ. ನಾನು ಬರುವಷ್ಟರಲ್ಲಿ ಅವಳ ಸ್ನಾನ, ಪೂಜೆ ಮುಗಿದಿದ್ದವು. ಹಣೆಯ ಮೇಲೆ ವಿಭೂತಿ ಇನ್ನೂ ಹಸಿಯಾಗಿತ್ತು. ಪಕ್ಕದ ಕೋಣೆಯ ಅಕ್ಕ ಬಾಗಿಲಲ್ಲಿ ಮಾತಾಡಿಸಿಕೊಂಡು ಹೋಗಿದ್ದಳು. ಆಕೆಯೂ ನಮ್ಮ ಕಡೆಯ ಮುಸ್ಲಿಮ್ ಹೆಣ್ಣುಮಗಳು, ಗಂಡ ಲಾರಿ ಓಡಿಸುವವನು.

ಕೇಕಿನ ತುಂಡನ್ನು ಕೈಯಲ್ಲಿ ಹಿಡಿದು ಅವ್ವ ಕೇಳಿದಳು, “ಇದರಾಗ ಸೆರಿ ಇಲ್ಲ ಹೌದಿಲ್ಲೋ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗಾಯಿತು ನನಗೆ. “ಜ್ಯೂಸ್ ಅಂಗಡ್ಯಾಗ ಸೆರಿ ಎಲ್ಲಿದು ಅವ್ವಾ” ಎಂದೆ.

“ಬಾಜೂಕಿನಾಕಿ ನಿನ್ನ ಭಾಳ ಹೊಗಳಿದಳು. ಬಾರ್‌ನಾಗ ಇದ್ದರೂ ನಿಮ್ಮ ಮಗ ಒಂದು ದಿನಾ ಕುಡದು ಬಂದಿಲ್ರಿ ಅಂದಳು.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ಅದು ಇರಲಿ. ಇದರಾಗ ಇಲ್ಲಲ್ಲ?”

ನಾನು ಅವಳ ಪಾದ ಮುಟ್ಟಿ ಆಣೆ ಮಾಡಿದೆ. ಒಂದು ಹನಿ ಇಲ್ಲ, ತಗಡು ಸಹಿತ ತಿಕ್ಕಿದ್ದೇನೆ ಎಂದೆ. ಆ ಆಣೆ ಖರೇ ಆಗಿತ್ತು. ಅವ್ವ ಅದನ್ನು ನಂಬಿ ತಿಂದಳು. ಒಂದು ತುಂಡು ಮುಗಿಸಿ ಇನ್ನೊಂದು ಎತ್ತಿಕೊಂಡಳು. ಅವಳು ಕಣ್ಣು ಸಣ್ಣ ಮಾಡಿ ಆ ಹುಳಿಯನ್ನು ಸವಿಯುವುದನ್ನು ನೋಡುತ್ತ ನನ್ನ ಎದೆ ಉಬ್ಬಿತು.

“ಎಷ್ಟ ಮೆತ್ತಗ ಆಗೇತಿ. ಊರಾಗ ಹುಡುಗರಿಗೆ ಮಾಡಿ ಕೊಡ್ತೇನಿ, ಹೆಂಗ ಮಾಡಿದಿ ಹೇಳು.”

ಬಾಯಿ ಬಿಟ್ಟರೆ ಬಣ್ಣಗೇಡು. ನಾನು ಉತ್ಸಾಹದಿಂದ ಬೆರಳು ಮಡಚುತ್ತ ಹೇಳತೊಡಗಿದೆ. “ಮೈದಾ, ಸಕ್ರಿ, ಬೆಣ್ಣಿ, ಆಮ್ಯಾಲ ನಾಕು ತತ್ತಿ ಒಡದು…”

ಅಲ್ಲಿಗೆ ನನ್ನ ಮಾತು ನನಗೇ ಕೇಳಿಸಿತು. ಬಾರಿನ ಅಡುಗೆಮನೆಯಲ್ಲಿ ದಿನಾ ಬೆಳಿಗ್ಗೆ ಪಾವ್-ಆಮ್ಲೆಟ್ ತಿಂದು ತಿಂದು ನನ್ನ ಕಣ್ಣಿಗೆ ತತ್ತಿಯೂ ಬಟಾಟೆಯೂ ಒಂದೇ ಆಗಿದ್ದವು. ಹನಿ ಸೆರೆ ತಾಗಬಾರದೆಂದು ತಗಡು ತಿಕ್ಕಿದ ಕೈಯಿಂದಲೇ ನಾಲ್ಕು ತತ್ತಿ ಒಡೆದು ಹಾಕಿದ್ದೆ, ಮನಸ್ಸಿಗೆ ಒಂದಿಷ್ಟೂ ಚುರುಕ್ ಎಂದಿರಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ನನ್ನ ಮಾನ ತತ್ತಿಗೆ ಹೋಯಿತು.

ಅವ್ವನ ಬಾಯಲ್ಲಿ ಇನ್ನೂ ಒಂದು ತುತ್ತಿತ್ತು. ಉಗುಳಲು ಎದ್ದವಳು ನನ್ನ ಮುಖ ನೋಡಿ ಮತ್ತೆ ಕುಳಿತು, ನುಂಗಿಬಿಟ್ಟಳು. ಉಗುಳಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಆಮೇಲೆ ಬಾಯಿ ಮುಕ್ಕಳಿಸಿ, ಪಕ್ಕದವಳ ಹತ್ತಿರ ಇನ್ನೊಂದು ಕೊಡ ನೀರು ಇಸಿದುಕೊಂಡು ಮತ್ತೆ ಸ್ನಾನ ಮಾಡಿದಳು. ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಗೋಡೆಗೆ ಮುಖ ಮಾಡಿ ಬಹಳ ಹೊತ್ತು ಕುಳಿತಳು. ಒಂದೇ ಕೋಣೆ. ನಾನು ಎಲ್ಲಿಗೆ ಹೋಗಲಿ? ಹೊಸ್ತಿಲ ಮೇಲೆ ಕುಳಿತೆ. ಅಷ್ಟು ನಾಚಿಕೆ ನನಗೆ ಆವರೆಗೆ ಯಾವತ್ತೂ ಆಗಿರಲಿಲ್ಲ.

ಉಳಿದ ದಿನಗಳಲ್ಲಿ ಅವಳು ಊರಿಂದ ಕಟ್ಟಿಕೊಂಡು ಬಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿಯನ್ನೇ ತಿಂದಳು. ನಾನು ಬೇಯಿಸಿದ ಅನ್ನ ಮುಟ್ಟಲಿಲ್ಲ. ಹೊರಡುವ ದಿನ ಬೆಳಿಗ್ಗೆ ಮಾತ್ರ ಗಂಟು ಹಿಡಿದು ನಿಂತು, “ನಿನ್ನ ಬಾರ್ ಎಲ್ಲಿ ಐತಿ, ತೋರಿಸು” ಎಂದಳು.

ಬಾರ್ ಇನ್ನೂ ತೆರೆದಿರಲಿಲ್ಲ. ಕುರ್ಚಿಗಳು ಮೇಜಿನ ಮೇಲೆ ಮಗುಚಿದ್ದವು. ಒಂದನ್ನು ಇಳಿಸಿ ಒರೆಸಿ ಅವಳನ್ನು ಬಾಗಿಲ ಹತ್ತಿರ ಕೂರಿಸಿದೆ. ಅವ್ವ ಇಳಕಲ್ ಸೀರೆಯ ಸೆರಗು ಎಳೆದುಕೊಂಡು ಬಾಟಲಿಗಳ ಸಾಲನ್ನು ಒಮ್ಮೆ ನೋಡಿದಳು. ಗಿರಾಕಿಗಳು ಕೇಳಿಕೊಂಡು ಬರುವ ನನ್ನ ಕೋಕಮ್ ಕಾಕ್‌ಟೇಲಿನ ಬಗ್ಗೆ ಅವಳಿಗೆ ಹೇಳಿದೆ.

“ಆ ಕೇಕಿನ ರುಚಿ ಇದರಾಗಿಂದ ಬಂದದ್ದಲ್ಲ? ಸೆರಿ ಬಿಟ್ಟು ಮಾಡಿ ಕೊಡು. ಇದರಾಗರ ತತ್ತಿ ಇರಾಂಗಿಲ್ಲ.”

ಹೊಸ ಲೋಟ ಹುಡುಕಿ ತೊಳೆದು, ಕೋಕಮ್, ನಿಂಬೆ, ಉಪ್ಪು, ಸೋಡಾ ಹಾಕಿದೆ. ಮೆಣಸಿನಕಾಯಿ ಸೀಳಿ ಮೇಲಿಟ್ಟೆ. ಅವ್ವ ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಕುಡಿದು ಪೂರ್ತಿ ಮುಗಿಸಿದಳು.

ಬಸ್ಸಿನ ಹತ್ತಿರ ನಿಂತಾಗ ಮೆಲ್ಲಗೆ ಹೇಳಿದಳು, “ಊರಾಗ ಯಾರರ ಕೇಳಿದರ ಜ್ಯೂಸ್ ಅಂಗಡಿ ಅಂತೇನಿ. ಕಣ್ಣಾರೆ ನೋಡಿ ಬಂದೇನಿ ಅಂತೇನಿ. ತತ್ತಿ ಮಾತು ನೀ ಯಾರ ಮುಂದೂ ತಗೀಬ್ಯಾಡ.”

ಅಲ್ಲಿಯವರೆಗೆ ಅವಳು ಊರಿನವರಿಗೆ ಹೇಳುತ್ತಿದ್ದದ್ದು ನನ್ನ ಸುಳ್ಳು, ಅವಳ ಮಟ್ಟಿಗೆ ಅದು ಖರೇ ಮಾತು. ಇನ್ನು ಮೇಲೆ ಅವಳು ಅದೇ ಸುಳ್ಳನ್ನು ಗೊತ್ತಿದ್ದೇ ಹೇಳಬೇಕಿತ್ತು. ಪಾರಾದೆ ಎಂದು ನನಗೆ ಒಳಗೊಳಗೇ ಹಗುರವಾಯಿತು. ಆ ಹಗುರಕ್ಕೆ ನಾಚಿಕೊಂಡಷ್ಟು ನಾನು ತತ್ತಿಗೂ ನಾಚಿಕೊಂಡಿಲ್ಲ, ಸೆರೆಗೂ ನಾಚಿಕೊಂಡಿಲ್ಲ.